ಕಾಕಾ ಗೋಣು ಹಾಕಿದ್ದು

ಹೊಸ ಗಾಡಿ ಬಂದ ಮೇಲೆ ನಮ್ಮ ಕಾಕಾ ಎಲ್ಲದಕ್ಕೂ ಗೋಣು ಹಾಕತೊಡಗಿದರು. ನಲವತ್ತು ವರ್ಷದ ಸಂಸಾರದಲ್ಲಿ ಕಾಕು ಇದನ್ನು ಕಂಡದ್ದೇ ಇಲ್ಲ.

ಗಾಡಿ ಎಂದರೆ ಸಣ್ಣ ಸೆಡಾನ್, ಎಎಂಟಿ, ಅಂದರೆ ಗಿಯರನ್ನು ತಾನೇ ಬದಲಿಸಿಕೊಳ್ಳೋ ಬಗೆಯದು. ನಾನು 'ಆಟೋಮ್ಯಾಟಿಕ್' ಅನ್ನೋ ಒಂದೇ ಮಾತಿಗೆ ಮರುಳಾಗಿ ಕೊಂಡೆ. ಒಳಗಿರೋದು ಅದೇ ಹಳೇ ಗಿಯರ್ ಬಾಕ್ಸು, ಅದೇ ಕ್ಲಚ್ ಪ್ಲೇಟು. ನನ್ನ ಎಡಗಾಲು, ಎಡಗೈ ಮಾಡುತ್ತಿದ್ದ ಕೆಲಸಕ್ಕೆ ಒಂದು ಯಂತ್ರವನ್ನು ನೇಮಿಸಿದ್ದಾರೆ, ಅಷ್ಟೇ. ಅದು ಹೊಸದಾಗಿ ಡ್ರೈವಿಂಗ್ ಕಲಿತ ಹುಡುಗನ ಹಾಗೆ ಕ್ಲಚ್ ಬಿಡಿಸಿ, ಗಿಯರ್ ಹಾಕಿ, ಮತ್ತೆ ಕ್ಲಚ್ ಕೂಡಿಸುತ್ತದೆ. ಆ ಅರೆಗಳಿಗೆ ಎಂಜಿನ್ನಿನ ಎಳೆತ ಚಕ್ರಕ್ಕೆ ಮುಟ್ಟುವುದಿಲ್ಲ. ಕೂತವರ ತಲೆ ಮುಂದೆ ವಾಲಿ ಹಿಂದೆ ಬರುತ್ತದೆ. ಥೇಟ್ 'ಹೂಂ' ಅಂದ ಹಾಗೆ. ಸಿವಿಟಿ ಅನ್ನೋ ಇನ್ನೊಂದು ಬಗೆಯ ಆಟೋಮ್ಯಾಟಿಕ್ ಗಾಡಿಯಲ್ಲಿ ಈ ಪಜೀತಿ ಇಲ್ಲ, ಅದರಲ್ಲಿ ಬದಲಿಸೋಕೆ ಮೆಟ್ಟಿಲಿನಂಥ ಗಿಯರುಗಳೇ ಇರುವುದಿಲ್ಲ. ಆದರೆ ನನ್ನ ಬಜೆಟ್ಟಿಗೆ ಎಎಂಟಿಯೇ ಗತಿ.

ಆವತ್ತು ಧಾರವಾಡದ ಮಾಳಮಡ್ಡಿಯಿಂದ ಹುಬ್ಬಳ್ಳಿ ದಾಜಿಬಾನ್ ಪೇಟೆಗೆ ಸೀರೆ ತರಲು ಹೊರಟೆವು. ಸುಮಾರು 20 ಕಿಲೋಮೀಟರು. ಕಾಕಾ ನನ್ನ ಪಕ್ಕ, ಹೊಟ್ಟೆತುಂಬ ಉಪ್ಪಿಟ್ಟು ತಿಂದು ಕಣ್ಣು ಮುಚ್ಚಿದ್ದರು. ಹಿಂದೆ ಕೂತ ಕಾಕುಗೆ ಕಾಣುತ್ತಿದ್ದದ್ದು ಕಾಕಾರ ಕರಿ ಟೋಪಿ ಮಾತ್ರ.

ಟೋಲ್‌ನಾಕಾ ಸಿಗ್ನಲ್ ಬಿಟ್ಟಿತು.

"ಏನ್ರೀ, ಇಳಕಲ್ ಸೀರಿ ಎರಡು ತಗೊಳ್ಳೋಣಲ್ಲಾ?"

ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸೋ ಆರ್‌ಪಿಎಂ ಮುಳ್ಳು 2,000 ಮುಟ್ಟಿತು. ಒಂದರಿಂದ ಎರಡನೇ ಗಿಯರ್. ಟೋಪಿ ವಾಲಿತು.

"ನಮ್ಮ ತಂಗಿಗೂ ಒಂದು?"

ಎರಡರಿಂದ ಮೂರು. ಟೋಪಿ ಮತ್ತೆ ವಾಲಿತು.

"ನಿಮ್ಮ ಕಾಕಾ ಎಷ್ಟು ಸುಧಾರಿಸ್ಯಾರ ನೋಡೋ" ಅಂದರು ಕಾಕು. ಪಕ್ಕದಲ್ಲಿ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು 'ಚಿಗರಿ' ತನಗೇ ಮೀಸಲಾದ ಲೇನಿನಲ್ಲಿ ಸುಮ್ನೆ ಜಾರಿ ಹೋಯಿತು. ಅದರಲ್ಲಿದ್ದವರ ಗೋಣು ನೆಟ್ಟಗಿತ್ತು.

ನವಲೂರು ಮೇಲ್ಸೇತುವೆಯ ಏರಿನಲ್ಲಿ ಇನ್ನೂ ಫಜೀತಿ. ನಾಲ್ಕನೇ ಗಿಯರ್ ಭಾರವಾಯಿತು ಅಂತ ಗಾಡಿ ಮೂರಕ್ಕೆ ಇಳಿಯಿತು. ಮುಳ್ಳು ಮೇಲೇರಿತು. ನಾನು ಕಾಲು ಸಡಿಲ ಮಾಡಿದ್ದೇ ತಡ, ಮತ್ತೆ ನಾಲ್ಕು. ಮತ್ತೆ ಭಾರ, ಮತ್ತೆ ಮೂರು. ಹೊರಡ್ತೀವಿ ಅಂತ ಎದ್ದು ಮತ್ತೆ ಕೂಡುವ ಬೀಗರ ಹಾಗೆ. ಅಷ್ಟರಲ್ಲಿ ಬಳೆ ಮಾಡಿಸೋದು, ಟಿವಿ ಬದಲಿಸೋದು, ಹದಿನೈದು ದಿನ ತವರಿಗೆ ಹೋಗೋದು, ಮೂರೂ ಪಾಸಾದವು.

ಉಣಕಲ್ ಹತ್ತಿರ ಒಂದು ಟಂಟಂ ಆಟೋ ದಾಟಲು ಎಕ್ಸಲೇಟರ್ ಪೂರ್ತಿ ತುಳಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗಾಡಿ ಗಿಯರ್ ಇಳಿಸಿತು, ಮುಳ್ಳು 4,500ಕ್ಕೆ ಹಾರಿತು, ಎಂಜಿನ್ ಮಿಕ್ಸಿಯಂತೆ ಕಿರುಚಿತು. "ಏನಾತೋ!" ಅಂತ ಕಾಕಾ ಎದ್ದರು. ಅಷ್ಟು ಜೋರಾಗಿ ತುಳಿದರೆ ಗಿಯರ್ ಬದಲಾಗುವುದೂ ತಡವಾಗಿ, ಬದಲಾದಾಗ ಕುಲುಕೂ ಜಾಸ್ತಿ. ಕಾಕಾರ ಗದ್ದ ಎದೆಗೆ ಬಡಿಯಿತು.

"ಈ ಸಲ ಕಣ್ಣು ತಗದು ಗೋಣು ಹಾಕ್ಯಾರ. ಇನ್ನ ಮಾತು ತಿರಗಸೂ ಹಂಗಿಲ್ಲ" ಅಂದರು ಕಾಕು. ಯಾವುದಕ್ಕೆ ಅಂತ ನನಗೂ ಕೇಳಿಸಿರಲಿಲ್ಲ.

ಅಂಗಡಿಯಲ್ಲಿ ಬಿಲ್ ನೋಡಿ ಕಾಕಾ, "ನಾ ಯಾವಾಗ ಹೂಂ ಅಂದೆ?" ಅಂತ ನನ್ನ ಕಡೆ ತಿರುಗಿದರು. ನಾನು "ಕಾಕಾ, ಅದು ಆರ್‌ಪಿಎಂ..." ಅಂತ ಶುರು ಮಾಡಿದೆ. ಕಾಕು ಕನ್ನಡಕದ ಮೇಲಿಂದ ನೋಡಿದರು. ನಾನು ಮಡಚಿಟ್ಟ ಸೀರೆಗಳ ಸೆರಗು ಹೊಗಳತೊಡಗಿದೆ.

ಮರುದಿನ ಪರಿಚಯದ ಮೆಕ್ಯಾನಿಕ್ ಹೇಳಿಕೊಟ್ಟರು. ಮುಳ್ಳು 2,000ದ ಹತ್ತಿರ ಬಂದಾಗ ಕಾಲು ಚೂರು ಎತ್ತಬೇಕು, ಗಿಯರ್ ಬಿದ್ದ ಮೇಲೆ ಮೆಲ್ಲಗೆ ಒತ್ತಬೇಕು. ಏರಿನಲ್ಲಿ ಗಿಯರನ್ನು ನಾವೇ ಹಾಕೋ ಮ್ಯಾನುವಲ್ ಮೋಡ್‌ಗೆ ಹಾಕಿ ಮೂರರಲ್ಲೇ ಹಿಡಿಯಬೇಕು. ಒಂದು ವಾರ ಅಭ್ಯಾಸ ಮಾಡಿದೆ. ಮುಂದಿನ ಭಾನುವಾರ ನವನಗರದವರೆಗೂ ಕಾಕಾರ ಟೋಪಿ ಅಲುಗಲಿಲ್ಲ. ನನಗೋ ಲೈಸೆನ್ಸ್ ಸಿಕ್ಕ ದಿನದಷ್ಟು ಹೆಮ್ಮೆ.

ಹಿಂದಿನಿಂದ ಕಾಕು ಮುಂದೆ ಬಾಗಿ ನನ್ನ ಹೆಗಲು ತಟ್ಟಿದರು.

"ಗಾಡಿಗೆ ಏನಾಗ್ಯದೋ ತಮ್ಮಾ? ಮೊದಲಿನಂಗ ಓಡಸು. ದೀಪಾವಳಿ ಹತ್ರ ಬಂತು."