ಜಗಲಿಯಲ್ಲಿ ಹೇಳಿದ ‘ಬೇಡ’ ಅಂಗಡಿಗೆ ಕೇಳಿಸುವುದಿಲ್ಲ

ಶಿರಸಿ ಪೇಟೆಯಲ್ಲಿ ನಮ್ಮ ಮನೆಯ ಖಾತೆಯಿರುವ ಅಂಗಡಿಯೊಂದರಿಂದ ಕಳೆದ ಮಳೆಗಾಲದ ಕೊನೆಗೆ ಬಾಕಿಯ ಚೀಟಿ ಬಂದಾಗ ಅಪ್ಪಯ್ಯ ಸಿಟ್ಟಾದರು. ಕೊಳೆರೋಗದ ಔಷಧಿಗೆಂದು ಮೈಲುತುತ್ತವನ್ನು ಕಡ ತಂದವನು, ಹತ್ತು ವರ್ಷಗಳಿಂದ ನಮ್ಮ ತೋಟದ ವಹಿವಾಟು ನೋಡಿಕೊಳ್ಳುತ್ತಿರುವ ದೊಡ್ಡಪ್ಪನ ಮಗ. ‘ಇನ್ನು ಮೇಲೆ ಕಡ ಬೇಡ ಎಂದು ಯುಗಾದಿಗೇ ಹೇಳಿದ್ದೆ’ ಎಂಬುದು ಅಪ್ಪಯ್ಯನ ವಾದ. ಹೇಳಿದ್ದು ನಿಜ, ಜಗಲಿಯ ಮೇಲೆ, ನನ್ನೆದುರಿಗೇ. ಆದರೂ ನ್ಯಾಯ ಅಂಗಡಿಯವರ ಕಡೆಗೇ ಇದೆ ಎಂಬುದು ನನ್ನ ಅಭಿಪ್ರಾಯ.

1872ರ ಭಾರತೀಯ ಕರಾರು ಕಾಯ್ದೆಯ 186 ಮತ್ತು 187ನೆಯ ಕಲಂಗಳ ಪ್ರಕಾರ, ಇನ್ನೊಬ್ಬರ ಪರವಾಗಿ ವ್ಯವಹರಿಸುವ ಏಜೆಂಟನಿಗೆ ಅಧಿಕಾರವು ಮಾತಿನಿಂದಲೋ ಬರಹದಿಂದಲೋ ವ್ಯಕ್ತವಾಗಿ ಬರಬಹುದು, ಇಲ್ಲವೇ ನಡೆದುಕೊಂಡು ಬಂದ ವ್ಯವಹಾರದಿಂದ ಸೂಚಿತವಾಗಿ ಬರಬಹುದು. ಕಲ್ಕತ್ತೆಯಲ್ಲಿರುವ ಮಾಲೀಕನ ಸೆರಾಂಪುರದ ಅಂಗಡಿಯನ್ನು ನೋಡಿಕೊಳ್ಳುವವನು, ಮಾಲೀಕನ ಹೆಸರಿನಲ್ಲಿ ಸರಕು ತರಿಸಿ, ಮಾಲೀಕನಿಗೆ ತಿಳಿದೇ ಅವನ ದುಡ್ಡಿನಿಂದ ಬಟವಾಡೆ ಮಾಡುವುದು ಕಾಯ್ದೆಯೇ ಕೊಡುವ ಉದಾಹರಣೆ. ನಮ್ಮ ಮನೆಯ ಕಥೆಯೂ ಅದೇ. ಮುಖತ್ಯಾರ ಪತ್ರವಿಲ್ಲದೆ ಅಧಿಕಾರವೇ ಇಲ್ಲವೆಂದು ನಮ್ಮಲ್ಲಿ ಅನೇಕರು ನಂಬಿದ್ದಾರೆ. ಇನ್ನೊಬ್ಬರ ಜಮೀನನ್ನು ನೋಂದಣಿ ಮಾಡಿಸಲು ಅದು ಬೇಕು, ಮೈಲುತುತ್ತಕ್ಕೆ ಬೇಡ.

ಜಗಲಿಯ ‘ಬೇಡ’ ಅಣ್ಣನ ನಿಜವಾದ ಅಧಿಕಾರವನ್ನು ತೆಗೆಯಿತು, ಹೊರಗಿನವರ ಕಣ್ಣಿಗೆ ಇನ್ನೂ ಇದೆಯೆಂದು ಕಾಣುವ ತೋರಿಕೆಯ ಅಧಿಕಾರವನ್ನಲ್ಲ. 208ನೆಯ ಕಲಂ ಪ್ರಕಾರ ಅಧಿಕಾರ ರದ್ದಾದದ್ದು ಹೊರಗಿನವರ ಮಟ್ಟಿಗೆ ಜಾರಿಗೆ ಬರುವುದು ಅವರಿಗೆ ತಿಳಿದ ಮೇಲೆಯೇ. ಏಜೆಂಟನಿಗೆ ಅಧಿಕಾರವಿದೆ ಎಂಬ ನಂಬಿಕೆಯನ್ನು ತನ್ನ ಮಾತಿನಿಂದ ಅಥವಾ ನಡೆಯಿಂದ ಹೊರಗಿನವರಲ್ಲಿ ಹುಟ್ಟಿಸಿದ ಮಾಲೀಕ ಆ ವ್ಯವಹಾರಕ್ಕೆ ಬದ್ಧನೆಂದು 237ನೆಯದು ಹೇಳುತ್ತದೆ. ಮಾತು ಮೀರಿದ್ದಕ್ಕೆ ಅಣ್ಣನನ್ನು ಅಪ್ಪಯ್ಯ ಕೇಳಬಹುದು, ಅದು ಬೇರೆ ಲೆಕ್ಕ.

189ನೆಯ ಕಲಮಿನ ತುರ್ತು ಅಧಿಕಾರ ನಮ್ಮ ಕರಾವಳಿಗೆ ಹೇಳಿ ಮಾಡಿಸಿದಂತಿದೆ. ಕಾರವಾರದಿಂದ ಹುಬ್ಬಳ್ಳಿಗೆ ಹೊರಟ ಬಂಗಡೆಯ ಲಾರಿ, ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿದು ನಿಂತರೆ, ಮೀನು ಹಾಳಾಗುವ ಮೊದಲು ಅಂಕೋಲೆಯಲ್ಲೇ ಮಾರುವ ಅಧಿಕಾರ ಏಜೆಂಟನಿಗೆ ಉಂಟು, ಸಾಮಾನ್ಯ ವಿವೇಕದವನು ತನ್ನ ಸ್ವಂತ ಮಾಲಿಗೂ ಹಾಗೇ ಮಾಡುತ್ತಿದ್ದನೆಂದಾದರೆ. ಜೇಬಿನಲ್ಲಿ ಮೊಬೈಲ್ ಇದ್ದೂ ಮಾಲೀಕನನ್ನು ಕೇಳದೆ ಮಾರಿದವನ ವಾದ ನನಗೇನೋ ಸಡಿಲವೆನಿಸುತ್ತದೆ.

ಅಪ್ಪಯ್ಯನ ಪಾಲಿಗೆ ಆ ತೋರಿಕೆಯ ಅಧಿಕಾರದ ಜೊತೆ ಇನ್ನೊಂದು ತೊಡಕೂ ಇತ್ತು. ಕಡದ ಮಾಲೆಂದು ತಿಳಿದ ಮೇಲೂ ಎರಡನೆಯ ಸಲದ ಔಷಧಿ ಹೊಡೆಸಿದವರು ಅವರೇ. ಕಾಯ್ದೆಯ ಮಾತಿನಲ್ಲಿ ಅದು ಸ್ಥಿರೀಕರಣ, ಅಂದರೆ ಅಧಿಕಾರವಿಲ್ಲದೆ ಮಾಡಿದ್ದನ್ನು ಆಮೇಲೆ ಒಪ್ಪಿಕೊಳ್ಳುವುದು. ‘ಅರ್ಧ ಬಾಕಿ ಕೊಡುತ್ತೇನೆ’ ಎಂದರು. ಒಂದೇ ವ್ಯವಹಾರದ ಒಂದು ಭಾಗವನ್ನು ಒಪ್ಪಿದರೆ ಪೂರ್ತಿ ಒಪ್ಪಿದಂತೆ ಎಂಬ 199ನೆಯ ಕಲಮನ್ನು ಓದಿ ಹೇಳಿದೆ. ಮರುದಿನ ಬಾಕಿ ಪೂರ್ತಿ ಚುಕ್ತಾ ಮಾಡಿ, ಇನ್ನು ತಮ್ಮ ಸಹಿಯ ಚೀಟಿಯಿಲ್ಲದೆ ಯಾರಿಗೂ ಕಡ ಕೊಡಬಾರದೆಂದು ಬರೆದು ಅಂಗಡಿಗೆ ಕೊಟ್ಟುಬಂದರು.