ಮನಿ ನೋಡಾಕ ಹೋದಾಗ ಬಾಯಿ ಬಿಟ್ಟು ಕೇಳ್ರಿ

ಇದನ್ನ ಇವತ್ತ ಬರೀಬೇಕು. ನಾಳಿಗೆ ಬಿಟ್ರ ಸಿಟ್ಟು ಇಳಿದು ಮೆತ್ತಗ ಬರೀತೀನಿ, ಹಂಗಾಗಬಾರ್ದು.

ತಂಗಿ ಮಗ ರಾಯಚೂರಾಗ ಮನಿ ತಗೋಬೇಕಂತ ಹುಡುಕಾಕತ್ಯಾನ. ಲಿಂಗಸುಗೂರು ರೋಡ್ ಕಡಿ ಒಂದು ಮನಿ ಅದ, ನೀನೂ ಬಾ ದೊಡ್ಡವ್ವ ಅಂದ, ಹೋದೆ. ನಲವತ್ತೆಂಟು ಲಕ್ಷ ಹೇಳ್ಯಾರ. ಹಾಲ್‌ನಾಗ ಕುಂತ್ವಿ, ಚಾ ಬಂತು, ಚೂಡಾ ಬಂತು, ದೇವರ ಖೋಲಿ ಈಶಾನ್ಯಕ್ಕ ಅದ ಅಂದ್ರು, ಎಲ್ಲಾರೂ ಗೋಣು ಹಾಕಿದ್ರು, ಟೈಲ್ಸ್ ಚಲೋ ಅದಾವ ಅಂದ್ರು, ಅದಕ್ಕೂ ಗೋಣು ಹಾಕಿದ್ರು, ಆಮ್ಯಾಲ ಸೀದಾ ರೇಟಿನಾಗ ಏನರ ಕಡಿಮಿ ಮಾಡ್ಕೊಳ್ರಿ ಅನ್ನೋ ಮಾತಿಗೆ ಬಂದ್ಬಿಟ್ರು. ಮನಿ ಬಗ್ಗೆ ಒಂದು ಪ್ರಶ್ನಿ ಇಲ್ಲ. ನಾ ಸುಮ್ನಿರಲಾರ್ದ ಕೇಳ್ದೆ, "ಕಾಕಾ, ಈ ಮನಿ ನಿಮ್ಮ ಸ್ವಂತ ದುಡಿಮೀದೋ, ಹಿರಿಯರಿಂದ ಬಂದದ್ದೋ?" ಅವರು ಉತ್ತರ ಕೊಡೋದ್ರಾಗ ಏಜೆಂಟ್ ನಡಕ ಬಾಯಿ ಹಾಕಿ "ಮೇಡಂ, ದೊಡ್ಡ ಮನಿತನ ಅವರ್ದು, ಹಂಗೆಲ್ಲ ಕೇಳಬಾರ್ದ್ರಿ" ಅಂದ. ತಂಗಿ ಮಗ ಹಿಂದಿನಿಂದ ನನ್ನ ಸೆರಗು ಜಗ್ಗಿದ.

ಯಾಕ ಕೇಳಬಾರ್ದು? ನನಗ ಇದು ತಿಳೀಲೇ ಇಲ್ಲ. ಒಂದು ಎತ್ತು ತಗೋಬೇಕಾದ್ರ ನಮ್ಮ ಮಂದಿ ಹಲ್ಲು ಎಣಸ್ತಾರ, ಸುಳಿ ನೋಡ್ತಾರ, ನಾಕು ಹೆಜ್ಜಿ ನಡಸ್ತಾರ, ಮಾರೋನಿಗೆ ಹತ್ತು ಮಾತು ಕೇಳ್ತಾರ, ಅದನ್ನ ಯಾರೂ ಅವಮಾನ ಅನ್ನಂಗಿಲ್ಲ. ಇಪ್ಪತ್ತು ವರ್ಷ ಇಎಂಐ ಕಟ್ಟೋ ಮನಿ ಬಗ್ಗೆ ಬಾಯಿ ಬಿಟ್ರ ಮಾತ್ರ ಮರ್ಯಾದಿ ಹೋಗ್ತದಂತ.

ಕೇಳೋದು ಉದ್ಧಟತನ ಅಲ್ಲ, ಕಾಯ್ದೆನಾಗ ಅದ. 1882ರ ಆಸ್ತಿ ವರ್ಗಾವಣೆ ಕಾಯ್ದೆ, 55ನೇ ಕಲಂ ತೆಗೆದು ನೋಡ್ರಿ. ಮನ್ಯಾಗ ಆಗಲಿ ಹಕ್ಕಿನೊಳಗ ಆಗಲಿ ತನಗ ಗೊತ್ತಿರೋ, ತಗೊಳ್ಳೋರಿಗೆ ಸಾಧಾರಣವಾಗಿ ನೋಡಿದ್ರ ಕಾಣದ ದೊಡ್ಡ ದೋಷ ಇದ್ರ ಮಾರೋರು ಹೇಳಲೇಬೇಕು. ಅಷ್ಟ ಅಲ್ಲ, ಆಸ್ತಿಗೂ ಹಕ್ಕಿಗೂ ಸಂಬಂಧಪಟ್ಟದ್ದು ಏನು ಕೇಳಿದ್ರೂ ತಮಗ ಗೊತ್ತಿದ್ದಷ್ಟು ಉತ್ತರ ಕೊಡಬೇಕು ಅಂತನೂ ಅದರಾಗ ಅದ. ಬ್ರಿಟಿಷರ ಕಾಲದಾಗ ಬರೆದಿಟ್ಟ ಮಾತಿದು, ನಾವು ಇನ್ನೂ ಚಾ ಕುಡ್ದು ಗೋಣು ಹಾಕಿ ಬರಾಕತ್ತೀವಿ!

"ವಕೀಲರು ಕಾಗದ ನೋಡ್ತಾರ ಬಿಡ್ರಿ, ಬ್ಯಾಂಕಿನವರೂ ನೋಡ್ತಾರ" ಅಂತ ಹೇಳೋರು ಭಾಳ ಮಂದಿ ಅದಾರ. ನಾ ಇಷ್ಟು ವರ್ಷ ಲೋನ್ ಸೆಕ್ಷನ್‌ನಾಗ ಕುಂತಾಕಿ, ನನಗ ಇದನ್ನ ಹೇಳಬ್ಯಾಡ್ರಿ. ನಾವು ನೋಡೋದು ಕಾಗದ. ಇಸಿ ಅಂದ್ರ ಋಣಭಾರ ಪತ್ರ, ಅದರಾಗ ಬರೋದು ಸಬ್ ರಿಜಿಸ್ಟ್ರಾರ್ ಆಫೀಸಿನಾಗ ರಿಜಿಸ್ಟರ್ ಆದದ್ದು ಮಾತ್ರ. ಮಾರೋರು ಯಾರ್ದೋ ಹತ್ರ ಬಾಂಡ್ ಪೇಪರ್ ಮ್ಯಾಲ ಅಗ್ರಿಮೆಂಟ್ ಮಾಡಿ ಅಡ್ವಾನ್ಸ್ ಇಸ್ಕೊಂಡಿದ್ರ ಅದು ಬರಂಗಿಲ್ಲ. ಕೈಗಡ ತಗೊಂಡು ಮೂಲ ಪತ್ರ ಒತ್ತಿ ಇಟ್ಟಿದ್ರ ಬರಂಗಿಲ್ಲ. ಬಾಡಿಗಿಯವರ ಹತ್ರ ಲೀಸ್ ಅಂತ ಐದು ಲಕ್ಷ ಇಸ್ಕೊಂಡಿದ್ರ, ಆ ರೊಕ್ಕ ಯಾರು ತಿರುಗಿಸಿ ಕೊಡ್ತಾರ ಅನ್ನೋದು ಯಾವ ಇಸಿನಾಗೂ ಇರಂಗಿಲ್ಲ. ಅದನ್ನ ಮಾರೋರ ಎದುರು ಕುಂತೇ ಕೇಳಬೇಕು. ಮೂಲ ಪತ್ರ ಎಲ್ಲದಾವ ಕಾಕಾ, ಮನ್ಯಾಗೋ ಬ್ಯಾಂಕಿನಾಗೋ? ಇದರ ಮ್ಯಾಲ ಯಾರರ ಕೋರ್ಟಿಗೆ ಹೋಗ್ಯಾರೇನು? ಮೊದಲ ಯಾರಿಗರ ಮಾತು ಕೊಟ್ಟೀರೇನು?

ಮತ್ತ ಹೆಣ್ಣುಮಕ್ಕಳ ವಿಷಯ. ಇದನ್ನ ಕೇಳಾಕ ನಮ್ಮ ಕಡಿ ಗಂಡಸರಿಗೆ ಭಾಳ ಮುಜುಗರ. "ಅಕ್ಕತಂಗೇರು ಎಷ್ಟು ಮಂದಿ ರೀ, ಎಲ್ಲಾರೂ ಸಹಿ ಮಾಡ್ತಾರೇನು" ಅಂತ ಕೇಳಿದ್ರ ಮನಿಯೊಳಗಿನ ಜಗಳ ಕೆದಕಿದಂಗ ಮಾರಿ ಮಾಡ್ತಾರ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಾಗ ತಿದ್ದುಪಡಿ ಬಂದ ಮ್ಯಾಲ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತ್ಯಾಗ ಮಗಳಿಗೂ ಮಗನಷ್ಟ ಹಕ್ಕು, ಅದೂ ಹುಟ್ಟಿನಿಂದ. 2020ರಾಗ ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಕೇಸಿನಾಗ, ಆ ತಿದ್ದುಪಡಿ ಬಂದ ದಿನ ಅಪ್ಪ ಜೀವಂತ ಇರಬೇಕಂತೇನಿಲ್ಲ ಅಂತನೂ ಹೇಳ್ತು. ಅಪ್ಪನ ಸ್ವಂತ ದುಡಿಮಿ ಆಸ್ತಿ ಇದ್ರೂ, ವಿಲ್ ಬರೀದ ತೀರ್ಕೊಂಡಿದ್ರ ಹೆಣ್ಣುಮಕ್ಕಳು ವಾರಸುದಾರ್ರೇ. ನನ್ನ ಟೇಬಲ್ ಮುಂದ ಕುಂತು ಅತ್ತ ಒಬ್ಬಾಕಿ ನೆನಪಿಗೆ ಬರ್ತಾಳ. ಗಂಡ ಹೆಂಡತಿ ಇಬ್ಬರೂ ದುಡಿದು ಮನಿ ತಗೊಂಡಿದ್ರು, ಮಾರಿದವರ ತಂಗಿ ಪಾಲು ಕೇಳಿ ದಾವಾ ಹಾಕಿದ್ಲು. ಈಕಿ ಕೋರ್ಟಿಗೆ ಅಲಿದಾಡ್ಕೋತ ಇಎಂಐನೂ ಕಟ್ಟಾಕತ್ತಿದ್ಲು. ಆ ತಂಗೀದು ತಪ್ಪಿಲ್ಲ, ಆಕಿ ಪಾಲು ಆಕಿ ಕೇಳಿದ್ಲು. ಮನಿ ನೋಡೋ ದಿನ ಈ ಒಂದು ಮಾತು ಯಾರೂ ಕೇಳಿದ್ದಿಲ್ಲ.

ಹಳೇ ಊರಿನಾಗ ಮನಿ ನೋಡೋರು ಇನ್ನೊಂದು ಕೇಳ್ರಿ. ರಾಯಚೂರು ನಿಜಾಮರ ರಾಜ್ಯದಾಗ ಇದ್ದ ಊರು, ಅಜ್ಜ ಮುತ್ಯಾರ ಕಾಲದ ಪತ್ರ ಉರ್ದುನಾಗ ಇರ್ತಾವ. ಓದ್ಸ್ಯಾರೇನು, ಕನ್ನಡಕ್ಕ ಬರೆಸಿಟ್ಟಾರೇನು ಕೇಳ್ರಿ. ಊರ ಹೊರಗಿನ ಲೇಔಟ್ ಆದ್ರ ಎನ್.ಎ. ಆಗ್ಯಾದೇನು, ಅಂದ್ರ ಹೊಲಾನ ಮನಿ ಕಟ್ಟೋ ಜಾಗ ಅಂತ ಸರ್ಕಾರ ಬದಲಿ ಮಾಡಿಕೊಟ್ಟಾದೇನು, ಇ-ಖಾತಾ (ಕಂಪ್ಯೂಟರ್‌ನಾಗಿನ ಆಸ್ತಿ ದಾಖಲಿ) ಎ ನೋ ಬಿ ನೋ, ಪಂಚಾಯ್ತಿದಾದ್ರ ನಮೂನೆ 9 ಮತ್ತ 11ಎ ಅದಾವೋ ಇಲ್ಲಾ 11ಬಿ ನೋ. ಎ ಅಂದ್ರ ಕಾಯ್ದೆ ಪ್ರಕಾರ ಆದದ್ದು, ಬಿ ಅಂದ್ರ ಹಂಗ ಆಗದ್ದು. ಇ-ಖಾತಾ ಇಲ್ಲದ ಈಗ ರಿಜಿಸ್ಟ್ರಿನೇ ಆಗಂಗಿಲ್ಲ, ಬಿ ಖಾತಾಕ್ಕ ಭಾಳ ಬ್ಯಾಂಕ್ ಲೋನ್ ಕೊಡಂಗಿಲ್ಲ. ಅಡ್ವಾನ್ಸ್ ಕೊಟ್ಟ ಮ್ಯಾಲ ಇದು ತಿಳಿದ್ರ ಏನು ಮಾಡ್ತೀರಿ?

ನೀರಿನ ಮಾತು ನಾ ಅಡಗಿ ಮನ್ಯಾಗ ಕೇಳ್ದೆ. ಗಂಡಸರು ಹಾಲ್‌ನಾಗ ರೇಟು ಜಗ್ಗಾಡಾಕತ್ತಿದ್ರು, ನಾ ಆ ಯಜಮಾನ್ತಿನ್ನ "ಅಕ್ಕಾ, ನೀರಿಂದು ಹ್ಯಾಂಗ್ರಿ" ಅಂದೆ. ಯಾವ ಮುಚ್ಚುಮರಿ ಇಲ್ಲದ ಹೇಳಿದ್ರು: "ಬ್ಯಾಸಗಿ ಬಂತಂದ್ರ ತ್ರಾಸ ಅದವ್ವಾ. ಬೋರು ಮಾರ್ಚ್ ತನಾ ಎತ್ತತದ, ಆಮ್ಯಾಲ ಟ್ಯಾಂಕರ್ ಹಾಕಿಸ್ತೀವಿ. ನಳದ ನೀರು ಸಂಪಿಗೆ ಬಿಟ್ಕೊಂಡು ಮೋಟಾರ್ ಹಚ್ಚಬೇಕು." ಇಷ್ಟ. ಕೇಳಿದ್ದಕ್ಕ ಹೇಳಿದ್ರು, ಯಾರ ಮರ್ಯಾದಿಯೂ ಹೋಗ್ಲಿಲ್ಲ. ಬಡಗಣಕ್ಕ ಕೃಷ್ಣಾ, ತೆಂಕಣಕ್ಕ ತುಂಗಭದ್ರಾ ಇರೋ ಜಿಲ್ಲಾ ನಮ್ದು, ಆದ್ರೂ ಇಲ್ಲಿ ನೀರಿನ ಬಗ್ಗೆ ಕೇಳದ ಮನಿ ತಗೋಬಾರ್ದು. 2022ರ ಬ್ಯಾಸಗ್ಯಾಗ ಇದ ಊರಾಗ ನಳದ ಹೊಲಸು ನೀರು ಕುಡ್ದು ಮಂದಿ ಸತ್ತದ್ದನ್ನ ಮರ್ತೀರೇನು? ಕುಡಿಯಾಕ ಯಾವ ನೀರು, ಪೈಪು ಚರಂಡಿ ಬಾಜೂಕ ಹೋಗ್ಯಾದೇನು, ಬೋರಿನ ನೀರು ಟೆಸ್ಟ್ ಮಾಡ್ಸೀರೇನು ಅಂತ ಕೇಳ್ರಿ. ನಮ್ಮ ಜಿಲ್ಲಾದಾಗ ಎಷ್ಟೋ ಕಡಿ ಬೋರಿನಾಗ ಫ್ಲೋರೈಡ್ ಅದ, ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರ ಅದು ಕುಡಿಯೋ ನೀರಲ್ಲ. ಹಲ್ಲು ಕಂದು ಬಣ್ಣ ಆದ ಹುಡುಗರನ್ನ ನೋಡೀವಲ್ಲ.

ಇನ್ನ ಬಿರುಕು. ನಮ್ಮಪ್ಪ ಗೌಂಡಿ ಕೆಲಸ ಮಾಡ್ದಾತ, ನಿಮಗೆಲ್ಲ ಗೊತ್ತದ, ಊರ ಮಂದಿಗೆ ಮನಿ ಕಟ್ಟಿಕೊಟ್ಟು ತಾನು ಬಾಡಿಗಿ ಮನ್ಯಾಗ ತೀರ್ಕೊಂಡಾತ. ಅದಕ್ಕ ಗ್ವಾಡಿ ಕಂಡ್ರ ನನ್ನ ಕೈ ತಾನ ಹೋಗಿ ಮುಟ್ಟತದ. ಒಳಗಿನ ಖೋಲಿನಾಗ ಕಬ್ಬಿಣದ ಅಲಮಾರಿ ಹಿಂದ, ಕಿಟಕಿ ಮೂಲಿಯಿಂದ ಓರೆಯಾಗಿ ಮ್ಯಾಲ ಹೋದ ಒಂದು ಸೀಳು. ಪುಟ್ಟಿ ತುಂಬಿ ಬಣ್ಣ ಹೊಡ್ದಾರ, ಆದ್ರ ಆ ಪಟ್ಟಿ ಬಣ್ಣ ಬ್ಯಾರೆ ಕಾಣಸ್ತದ, ಬೆರಳು ಆಡಿಸಿದ್ರ ದಿಬ್ಬ ಹತ್ತತದ. ಏಜೆಂಟ್ "ಬರೀ ಪ್ಲಾಸ್ಟರ್ ಮೇಡಂ" ಅಂದ. ಎರಿ ಭೂಮಿ, ಅಂದ್ರ ಕರಿ ಮಣ್ಣು ಇರೋ ಕಡಿ ಹಂಗ ಅಂದ್ಬಿಟ್ರ ಆಗಂಗಿಲ್ಲ. ಎರಿ ಮಣ್ಣು ಮಳಿಗಾಲದಾಗ ನೀರು ಕುಡ್ದು ಉಬ್ತದ, ಬ್ಯಾಸಗ್ಯಾಗ ಒಣಗಿ ಕುಗ್ಗತದ, ಮ್ಯಾಲಿನ ಮನಿನೂ ಅದರ ಜೋಡಿ ಏರಿಳೀತದ. ಅದಕ್ಕ ಪಾಯ ಎಷ್ಟು ಆಳ ತೋಡೀರಿ, ಗರಸು (ಗಟ್ಟಿ ಮಣ್ಣು) ಹತ್ತಿತ್ತೋ ಎರಿ ಮ್ಯಾಲ ಕಟ್ಟೀರೋ, ಪ್ಲಿಂತ್ ಬೀಮ್ (ಪಾಯದ ಮ್ಯಾಲಿನ ಕಾಂಕ್ರೀಟ್ ಪಟ್ಟಿ) ಹಾಕ್ಸೀರೇನು, ಈ ಸೀಳು ಬ್ಯಾಸಗ್ಯಾಗ ಅಗಲಾಗಿ ಮಳಿಗಾಲದಾಗ ಕೂಡತದೇನು ಅಂತ ಕೇಳ್ರಿ. ಹಂಗ ಋತುಮಾನಕ್ಕ ತಕ್ಕಂಗ ಅಗಲ ಸಣ್ಣ ಆಗ್ತಿದ್ರ ಅದು ಪ್ಲಾಸ್ಟರ್ ಸೀಳಲ್ಲ, ಪಾಯ ಅಲ್ಲಾಡಾಕತ್ತದ. ಕಟ್ಟಿದ ಗೌಂಡಿ ಊರಾಗ ಇದ್ರ ಆತನ್ನೂ ಕೇಳ್ರಿ.

ಮುಂಜಾನಿ ತಂಪು ಹೊತ್ತಿನಾಗ ಅಷ್ಟ ಹೋಗಬ್ಯಾಡ್ರಿ, ಮಧ್ಯಾಹ್ನ ಮೂರಕ್ಕೂ ಒಮ್ಮಿ ಹೋಗಿ ಪಡುವಣ ಗ್ವಾಡಿ ಮುಟ್ಟಿ ನೋಡ್ರಿ, ರಾಯಚೂರು ಬಿಸಲು ಏನಂತ ಗೊತ್ತಲ್ಲ. ಜೆಸ್ಕಾಂ ಕರೆಂಟ್ ಬಿಲ್, ಮನಿ ಕರ, ನೀರಿನ ಕರ ಬಾಕಿ ಎಷ್ಟದ ಅಂತನೂ ಕೇಳ್ರಿ. ಮಾರಾಟದ ದಿನದ ತನಕ ಸರ್ಕಾರದ ಕರ ಕಟ್ಟೋದು ಮಾರೋರ ಜವಾಬ್ದಾರಿ ಅಂತ ಅದ 55ನೇ ಕಲಂನಾಗ ಅದ.

ಮನಿಗೆ ಬಂದ ಮ್ಯಾಲ ತಂಗಿ ಮಗ "ಇಷ್ಟೆಲ್ಲ ಕೇಳಿದ್ರ ಯಾರು ಮನಿ ಕೊಡ್ತಾರ ದೊಡ್ಡವ್ವ, ವ್ಯವಹಾರ ನಂಬಿಕಿ ಮ್ಯಾಲ ನಡೀತದ" ಅಂದ. ನಂಬಿಕಿ ಬ್ಯಾಡ ಅಂತ ನಾ ಎಲ್ಲಿ ಅಂದೆ? ಕೇಳಿದ್ದಕ್ಕ ನೆಟ್ಟಗ ಉತ್ತರ ಕೊಟ್ಟವರ ಮ್ಯಾಲ ನನಗ ನಂಬಿಕಿ ಬರ್ತದ. ಕೇಳಿದ್ದಕ್ಕ ಸಿಟ್ಟಾಗೋರು ಆ ಮನಿ ಕೊಡದಿದ್ರ ಪಾಡಾತು, ಬಿಡು.

ಆತಗ ಹೇಳೀನಿ, ಅಡ್ವಾನ್ಸ್ ಇನ್ನೂ ಕೊಟ್ಟಿಲ್ಲ, ಕೊಡೋಕ್ಕಿಂತ ಮೊದಲ ಮತ್ತೊಮ್ಮಿ ಹೋಗೋಣು, ಅಕ್ಕತಂಗೇರ ವಿಷಯ, ಪಾಯದ ವಿಷಯ, ಲೀಸು, ಬಾಕಿ ಎಲ್ಲ ಕೇಳೋಣು, ಅವರು ಏನು ಹೇಳ್ತಾರೋ ಅದನ್ನ ಅಗ್ರಿಮೆಂಟ್‌ನಾಗ ಬರೆಸೋಣು. ಬಾಯಿಲೆ ಹೇಳಿದ್ದನ್ನ ಬರೆಯಾಕ ಒಪ್ಪದಿದ್ರ ಎದ್ದು ಬರೋಣು. ನೀವೂ ರಾಯಚೂರಾಗ ಮನಿ ನೋಡಾಕ ಹೊಂಟಿದ್ರ, ಕೇಳಾಕ ಮುಜುಗರ ಆಗ್ತಿದ್ರ, ನನಗ ಹೇಳ್ರಿ. ರವಿವಾರ ಆದ್ರ ಬರ್ತೀನಿ, ನಾ ಕೇಳ್ತೀನಿ.