ಕಡತ ಕಟ್ಟುವುದನ್ನು ಕಲಿಸುವವರು ಯಾರು?

ಸ್ಟುಟ್‌ಗಾರ್ಟ್ ನಗರದ ಅಂಚಿನಲ್ಲಿ ಯಂತ್ರಗಳ ಬಿಡಿಭಾಗ ಮಾರುವ ಒಂದು ಸಾಧಾರಣ ಕಂಪನಿಯ ಆಡಳಿತ ವಿಭಾಗದಲ್ಲಿ ನಾನು ಕೆಲಸ ಮಾಡುತ್ತೇನೆ. ಕಳೆದ ಚಳಿಗಾಲದಲ್ಲಿ ಗ್ರಾಹಕರೊಬ್ಬರು ಫೋನು ಮಾಡಿ ಐದು ವರ್ಷ ಹಿಂದಿನ ಒಂದು ಪತ್ರದ ವಿಚಾರ ಕೇಳಿದಾಗ, ನಮ್ಮಲ್ಲಿ ಕೆಲಸ ಕಲಿಯಲು ಬಂದಿರುವ ಹತ್ತೊಂಬತ್ತರ ಹುಡುಗಿ ಅದನ್ನು ಕಪಾಟಿನಿಂದ ತೆಗೆದು, ನಾನು ಮಾತು ಮುಗಿಸುವುದರೊಳಗೆ ಮೇಜಿನ ಮೇಲಿಟ್ಟಳು. ಆ ಪತ್ರ ಬಂದ ಕಾಲಕ್ಕೆ ಅವಳಿನ್ನೂ ಶಾಲೆಯಲ್ಲಿದ್ದಳು. ನಾನು ಮೆಚ್ಚಿಕೊಂಡು ಎರಡು ಮಾತಾಡಿದರೆ ಅವಳು ಅದನ್ನು ಅಷ್ಟಾಗಿ ಮನಸ್ಸಿಗೆ ಹಾಕಿಕೊಳ್ಳದೆ, ಈ ಕೆಲಸವನ್ನು ನಿಮಗೆ ಊರಿನಲ್ಲಿ ಎಲ್ಲಿ ಕಲಿಸಿದರು ಎಂದು ಕೇಳಿದಳು. ಮಂಡ್ಯದಲ್ಲಿ ಬಿ.ಕಾಂ. ಮುಗಿಸಿದ್ದೆ, ಬೆಳಗಿನ ಹೊತ್ತು ವಾಣಿಜ್ಯ ವಿದ್ಯಾಶಾಲೆಗೆ ಹೋಗಿ ಕನ್ನಡ, ಇಂಗ್ಲಿಷ್ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸು ಮಾಡಿದ್ದೆ, ಮೈಸೂರಿನ ಒಂದು ಖಾಸಗಿ ಸಂಸ್ಥೆಯಲ್ಲಿ ಗುಮಾಸ್ತನಾಗಿಯೂ ದುಡಿದಿದ್ದೆ. ಆದರೂ ಅವಳ ಪ್ರಶ್ನೆಗೆ ನೇರವಾದ ಉತ್ತರ ನನ್ನಲ್ಲಿರಲಿಲ್ಲ, ಏಕೆಂದರೆ ಯಾರೂ ಎಲ್ಲಿಯೂ ಕಲಿಸಿರಲಿಲ್ಲ. ಕೇಳಿದ್ದು ಅವಳ ಪಾಲಿಗೆ ಸಹಜವಾದ ಮಾತು, ಚುಚ್ಚಿದ್ದು ನನಗೆ.

ಜರ್ಮನಿಯಲ್ಲಿ ಕಚೇರಿ ಕೆಲಸವೂ ಬಡಗಿ ಕೆಲಸ, ವಿದ್ಯುತ್ ಕೆಲಸಗಳ ಸಾಲಿನಲ್ಲೇ ನಿಲ್ಲುವ, ಮೂರು ವರ್ಷ ಕೂತು ಕಲಿಯಬೇಕಾದ ಕಸುಬು. ಹಿಂದೆ ಮೂರು ಬೇರೆ ಬೇರೆ ಕಸುಬುಗಳಾಗಿ ಹಂಚಿಹೋಗಿದ್ದ ಗುಮಾಸ್ತಿಕೆಯನ್ನು 2014ರಿಂದ ಒಂದೇ ಪಠ್ಯಕ್ರಮದ ಅಡಿಗೆ ತಂದಿದ್ದಾರೆ. ವಾರದಲ್ಲಿ ಒಂದೆರಡು ದಿನ ವೃತ್ತಿ ಶಾಲೆ, ಉಳಿದ ದಿನ ಕಂಪನಿಯಲ್ಲಿ ಭತ್ಯೆ ಪಡೆಯುತ್ತಾ ಕಲಿಕೆ. ಏನೇನು ಕಲಿತೆ ಎಂಬುದನ್ನು ಕಲಿಯುವವರು ಒಂದು ವರದಿ ಪುಸ್ತಕದಲ್ಲಿ ಬರೆಯುತ್ತಾ ಹೋಗಬೇಕು, ಕಲಿಸುವವರು ಅದನ್ನು ಓದಿ ರುಜು ಹಾಕಬೇಕು, ಆ ಪುಸ್ತಕ ಸರಿಯಾಗಿಲ್ಲದಿದ್ದರೆ ವಾಣಿಜ್ಯ ಮತ್ತು ಕೈಗಾರಿಕಾ ಮಂಡಳಿ ನಡೆಸುವ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಕಲಿಸುವ ಹೊಣೆ ಹೊತ್ತವರಿಗೂ, ನಿನಗೆ ಕಲಿಸಲು ಬರುತ್ತದೆಯೇ ಎಂದು ನೋಡುವ ಬೇರೊಂದು ಪರೀಕ್ಷೆ ಇದೆ. ನನಗೆ ಹೆಚ್ಚು ಹಿಡಿಸಿದ್ದು ಇದು. ನಮ್ಮಲ್ಲಿ ಹತ್ತಿಪ್ಪತ್ತು ವರ್ಷ ಸರ್ವೀಸು ಆಗಿದೆ ಎಂದರೆ ಕಲಿಸುವುದೂ ತಾನಾಗಿ ಬಂದುಬಿಡುತ್ತದೆ ಎಂದು ಭಾವಿಸುತ್ತೇವೆ.

ಆ ಹುಡುಗಿ ಮೊದಲ ತಿಂಗಳುಗಳಲ್ಲಿ ಕಲಿತದ್ದನ್ನು ಹತ್ತಿರದಿಂದ ನೋಡಿದ್ದೇನೆ. ಬಂದ ಪ್ರತಿ ಪತ್ರಕ್ಕೂ ಅದು ಬಂದ ದಿನಾಂಕದ ಮೊಹರು, ಅದೂ ಬರಹದ ಮೇಲೆ ಬೀಳದಂತೆ. ಹಾಳೆಯ ಅಂಚನ್ನು ನಡುವೆ ಒಂದಿಷ್ಟೇ ಮಡಿಸಿ ಗುರುತು ಮಾಡಿಕೊಂಡು ಎರಡು ತೂತು. ತೂತಿನಿಂದ ತೂತಿಗೆ 80 ಮಿಲಿಮೀಟರ್, ಎಲ್ಲ ಕಚೇರಿಗಳಿಗೂ ಅದೇ ಅಳತೆ, ಹಾಗಾಗಿ ಒಂದು ಕಡೆಯ ಹಾಳೆ ಇನ್ನೊಂದು ಕಡೆಯ ಫೈಲಿನಲ್ಲಿ ಒಂದಿನಿತೂ ಓರೆಯಾಗದೆ ಕೂರುತ್ತದೆ. ನಾವು ಬಾಕ್ಸ್ ಫೈಲ್ ಎನ್ನುವ, ಒಳಗೆ ಎತ್ತಿ ಒತ್ತುವ ಸನ್ನೆ ಇರುವ ದಪ್ಪ ರಟ್ಟಿನ ಫೈಲು ಈಗಿನ ರೂಪಕ್ಕೆ ಬಂದದ್ದು ಇದೇ ಊರಿನಲ್ಲಿ. ಲೂಯಿ ಲೈಟ್ಸ್ ಎಂಬುವರು 1871ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಆರಂಭಿಸಿದ ಕಾರ್ಖಾನೆ 1896ರಲ್ಲಿ ಅದಕ್ಕೆ ಸನ್ನೆ ಜೋಡಿಸಿತು, ಬೆನ್ನಿನಲ್ಲಿ ಬೆರಳು ತೂರಿಸಿ ಹೊರಗೆಳೆಯುವ ದುಂಡು ರಂಧ್ರ 1911ರಲ್ಲಿ ಬಂತು. ವ್ಯಾಪಾರದ ಕಚೇರಿಯಲ್ಲಿ ಹೊಸ ಪತ್ರ ಎಲ್ಲಕ್ಕಿಂತ ಮೇಲೆ, ಸರ್ಕಾರಿ ಕಚೇರಿಯಲ್ಲಿ ಹಳೆಯದು ಮೇಲೆ. ಮೊದಲಿನವರಿಗೆ ಬೇಕಾದದ್ದು ಇಂದಿನ ಸ್ಥಿತಿ, ಎರಡನೆಯವರಿಗೆ ಮೊದಲಿನಿಂದ ಓದಿಕೊಂಡು ಬರಬೇಕಾದ ಪ್ರಕರಣ. ಈ ಕಾರಣವನ್ನು ಅವಳು ನನಗೆ ವಿವರಿಸಿ ಹೇಳಿದಳು, ಪಾಠದಲ್ಲಿತ್ತಂತೆ. ಲೆಕ್ಕದ ಪುಸ್ತಕ 10 ವರ್ಷ, ವ್ಯವಹಾರದ ಪತ್ರ 6 ವರ್ಷ, ಲೆಕ್ಕಕ್ಕೆ ಆಧಾರವಾದ ಬಿಲ್ಲು ರಸೀದಿಗಳು 2025ರಿಂದ 10ರ ಬದಲು 8 ವರ್ಷ ಇರಬೇಕೆಂಬ ಕಾನೂನಿನ ಲೆಕ್ಕವನ್ನು ಫೈಲಿನ ಬೆನ್ನಿನ ಚೀಟಿಯಲ್ಲೇ ಬರೆದಿರುತ್ತಾರೆ. ಜನವರಿ ಬಂತೆಂದರೆ ಅವಧಿ ಮುಗಿದವುಗಳನ್ನು ಇಳಿಸಿ, ಪಟ್ಟಿ ಮಾಡಿ, ನಾಶಕ್ಕೆ ಕಳಿಸುವುದು ಕಲಿಯುವವರ ಪಾಲಿನ ಕೆಲಸ.

ಇದೆಲ್ಲ ಮಹಾ ವಿದ್ಯೆಯೇನಲ್ಲ ಎನ್ನಬಹುದು. ಅಲ್ಲ ನಿಜ, ಆದರೆ ಹೇಳಿಕೊಡದಿದ್ದರೆ ಬರುವಂಥದ್ದೂ ಅಲ್ಲ.

ನಮ್ಮ ಕಡೆ ನೋಡಿ. ಮಾನಸಗಂಗೋತ್ರಿಯ ಗ್ರಂಥಾಲಯದಲ್ಲಿ, ಸರಸ್ವತಿಪುರಂನ ರೀಡಿಂಗ್ ರೂಮುಗಳಲ್ಲಿ, ಮಂಡ್ಯದ ಕೋಚಿಂಗ್ ಸೆಂಟರುಗಳಲ್ಲಿ ಎಫ್‌ಡಿಎ, ಎಸ್‌ಡಿಎ (ಸರ್ಕಾರಿ ಕಚೇರಿಯ ಪ್ರಥಮ, ದ್ವಿತೀಯ ದರ್ಜೆ ಸಹಾಯಕ) ಪರೀಕ್ಷೆಗೆಂದು ಹಗಲು ರಾತ್ರಿ ಓದುವ ಮಕ್ಕಳ ಶ್ರಮಕ್ಕೆ ನಾನು ಕೈಮುಗಿಯುತ್ತೇನೆ. ಕದಂಬರ ವಂಶಾವಳಿ, ಸಂವಿಧಾನದ ಅನುಚ್ಛೇದಗಳು, ಸಂಧಿ ಸಮಾಸ, ಇವೆಲ್ಲವೂ ಅವರಿಗೆ ನಾಲಿಗೆ ತುದಿಯಲ್ಲಿರುತ್ತವೆ. ಆದರೆ ಸಹಾಯಕರ ಹುದ್ದೆಗೆ ನಡೆಯುವ ಆ ಪರೀಕ್ಷೆಯಲ್ಲಿ ಕಚೇರಿಯವರು ತಮ್ಮ ಅಭಿಪ್ರಾಯ, ಆದೇಶ ಬರೆಯುವ ಟಿಪ್ಪಣಿ ಹಾಳೆಯನ್ನೂ ಪತ್ರ ವ್ಯವಹಾರವನ್ನೂ ಏಕೆ ಬೇರೆ ಇಡಬೇಕು, ಪುಟ ಸಂಖ್ಯೆ ಹಾಕದ ಕಡತದಿಂದ ಏನು ಅನಾಹುತ, ಹಿಂದಿನವರಿಂದ ಪ್ರಭಾರ (ಚಾರ್ಜ್) ವಹಿಸಿಕೊಳ್ಳುವಾಗ ಏನನ್ನೆಲ್ಲ ಎಣಿಸಿ ಪಡೆಯಬೇಕು ಎಂದು ಕೇಳುವುದಿಲ್ಲ. ಕೆಲಸ ಸಿಕ್ಕ ಮೇಲೆ ತರಬೇತಿ ಇಲ್ಲವೆಂದಲ್ಲ; ಮೈಸೂರಿನ ಲಲಿತಮಹಲ್ ರಸ್ತೆಯಲ್ಲಿ ಆಡಳಿತ ತರಬೇತಿ ಸಂಸ್ಥೆಯಿದೆ, ಜಿಲ್ಲೆಗಳಲ್ಲಿ ಜಿಲ್ಲಾ ತರಬೇತಿ ಸಂಸ್ಥೆಗಳಿವೆ. ಅಲ್ಲಿ ಕಚೇರಿ ಪದ್ಧತಿಯ ಪಾಠವೂ ಆಗುತ್ತದೆ. ಆಮೇಲಿನದು ಇಲಾಖಾ ಪರೀಕ್ಷೆ, ಅದೂ ನಾಲ್ಕರಲ್ಲಿ ಒಂದನ್ನು ಗುರುತು ಹಾಕುವಂಥದ್ದು. ಟಿಪ್ಪಣಿ ಬರೆಯಲು ಬರುತ್ತದೆಯೇ ಎಂಬುದನ್ನು ಗುರುತು ಹಾಕಿಸಿ ಪರೀಕ್ಷಿಸುವುದು ಹೇಗೋ ನನಗೆ ತಿಳಿಯದು.

ಒಂದು ಇಲಾಖೆಯಲ್ಲಿ ಎಸ್‌ಡಿಎ ಆಗಿರುವ ನಮ್ಮ ಚಿಕ್ಕಪ್ಪನ ಮಗನಿಗೆ ಮೊದಲ ದಿನವೇ ಸಿಕ್ಕ ಉಪದೇಶ, 'ಹಳೇ ಫೈಲ್ ನೋಡ್ಕೊಂಡು ಹಂಗೇ ಬರಿ' ಎಂಬುದು. ಅವನು ಹಾಗೆಯೇ ಬರೆಯುತ್ತಿದ್ದಾನೆ. ಹಳೆಯ ಕಡತದಲ್ಲಿ ಸರಿಯಿದ್ದರೆ ಇವನದೂ ಸರಿ. ಅಲ್ಲಿ ಉಲ್ಲೇಖ ತಪ್ಪಿದ್ದರೆ ಇಲ್ಲಿಯೂ ತಪ್ಪು, ಮತ್ತು ಆ ತಪ್ಪು ನಾಳೆ ಇವನ ಕಡತ ನೋಡಿ ಬರೆಯುವವರಿಗೆ ದಾಟುತ್ತದೆ. ಅಡಕಗಳ ಪಟ್ಟಿ ಮಾಡುವುದನ್ನಾಗಲಿ, ಕಡತ ಮುಕ್ತಾಯ ಮಾಡಿ ವರ್ಗ ಬರೆದು ಅಭಿಲೇಖಾಲಯಕ್ಕೆ ಕಳಿಸುವುದನ್ನಾಗಲಿ ತನಗೆ ಯಾರೂ ಮಾಡಿ ತೋರಿಸಿಲ್ಲ ಎನ್ನುತ್ತಾನೆ. ಕಡತ ನೋಡಿಕೊಳ್ಳುವ ಗುಮಾಸ್ತರ, ಅಂದರೆ ವಿಷಯ ನಿರ್ವಾಹಕರ, ಮೇಜಿನ ಕೆಳಗೆ ಮುಗಿದ ಕಡತಗಳು ರಾಶಿ ಬೀಳುವುದಕ್ಕೆ ಸೋಮಾರಿತನ ಕಾರಣವೆಂದು ನಾವು ಬೈಯುತ್ತೇವೆ. ಮುಗಿದ ಕಡತವನ್ನು ಮುಗಿಸುವುದು ಹೇಗೆಂದು ತಿಳಿಯದಿರುವುದೇ ದೊಡ್ಡ ಕಾರಣ ಎಂದು ನನಗನಿಸುತ್ತದೆ.

ಇದರ ಬಿಸಿ ನಮ್ಮ ಮನೆಗೂ ತಟ್ಟಿತು. ಎಪ್ಪತ್ತರ ದಶಕದಲ್ಲಿ ನಮ್ಮ ತಾತನಿಗೆ ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಭೂಮಿಗೆ ಅರ್ಜಿ ಹಾಕಿ, ಮಂಜೂರಾದ ಒಂದು ತುಂಡು ಜಮೀನಿದೆ. ಅದರ ಪೋಡಿ, ಅಂದರೆ ಅಳೆದು ಬೇರೆ ಸರ್ವೆ ಸಂಖ್ಯೆ ಕೊಡುವುದು, ಆಗಬೇಕಾದರೆ ಮೂಲ ಮಂಜೂರಾತಿ ಕಡತ ಬೇಕು. ಅವ್ವ ಮಂಜೂರಾದಾಗ ಕೊಟ್ಟಿದ್ದ ಸಾಗುವಳಿ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಜಿಲ್ಲೆಯ ಒಂದು ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟು, ಓಡಾಡಿ ಓಡಾಡಿ ಕೊನೆಗೆ ಪಡೆದದ್ದು ಮೂಲ ಕಡತ ಲಭ್ಯವಿಲ್ಲವೆಂಬ ಹಿಂಬರಹ. ರಜೆಗೆ ಬಂದಾಗ ನಾನೇ ಹೋದೆ. ವಿಷಯ ನಿರ್ವಾಹಕ ಹುಡುಗ ಒಳ್ಳೆಯವನು, ಎದ್ದು ನಿಂತು ಮಾತಾಡಿಸಿದ. 'ನಾನು ಬಂದು ಮೂರು ತಿಂಗಳಾಯ್ತು ಸಾರ್, ಹಿಂದಿನವರು ಚಾರ್ಜ್ ಕೊಡದೇ ಹೋದ್ರು' ಎಂದ. ಚಾರ್ಜ್ ಲಿಸ್ಟ್ ಇಲ್ಲದೆ ಹೇಗೆ ವಹಿಸಿಕೊಂಡಿರಿ ಎಂದು ಕೇಳಿದ್ದಕ್ಕೆ, ವಹಿಸಿಕೊಳ್ಳುವುದಕ್ಕೆ ಏನೂ ಇರಲಿಲ್ಲ ಸಾರ್, ಬೀರುವಿನ ಕೀ ಮಾತ್ರ ಇತ್ತು ಎಂದ. ಕಡತಗಳ ಚಲನವಲನ ವಹಿ ಕೇಳಿದೆ. ಅದು ಇರಬೇಕಾದದ್ದು ಅವನಿಗೆ ಗೊತ್ತಿತ್ತು, ಎಲ್ಲಿದೆ ಎಂಬುದು ಗೊತ್ತಿರಲಿಲ್ಲ. ಎ ವರ್ಗವೆಂದರೆ ಶಾಶ್ವತ, ಸಿ ಎಂದರೆ 10 ವರ್ಷ ಎಂಬ ವರ್ಗೀಕರಣ ನಮ್ಮ ಕಚೇರಿಗಳಲ್ಲೂ ಇದೆ. ಜರ್ಮನ್ನರಿಂದ ಕಲಿಯಬೇಕಾದ ನಿಯಮವೇನೂ ಅದರಲ್ಲಿಲ್ಲ. ಶಾಶ್ವತವಾಗಿ ಇರಬೇಕಾದ ಕಡತ ಸಿಗಲಿಲ್ಲ, ಅಷ್ಟೇ.

ಇದನ್ನು ಹೇಳಿದರೆ ಮೈಸೂರಿನ ನನ್ನ ಸ್ನೇಹಿತರು, ಈಗ ಎಲ್ಲವೂ ಇ-ಆಫೀಸ್ ಆಗಿದೆ, ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ, ನೀನು ಇನ್ನೂ ತೂತು ಹೊಡೆಯುವ ಮಾತಾಡುತ್ತೀಯಲ್ಲ ಎನ್ನುತ್ತಾರೆ. ಸ್ಕ್ಯಾನ್ ಆಗುವುದು ಒಳ್ಳೆಯದೇ. ಆದರೆ ಒಂದು ಹೋಬಳಿಯ ಕಡತ ಇನ್ನೊಂದು ಹೋಬಳಿಯ ಗಂಟಿನಲ್ಲಿ ಸೇರಿಹೋಗಿದ್ದರೆ ಯಂತ್ರ ಅದನ್ನು ಹಾಗೆಯೇ ತಪ್ಪು ಜಾಗದಲ್ಲಿ, ಹೆಚ್ಚು ಸ್ಪಷ್ಟವಾಗಿ ಉಳಿಸುತ್ತದೆ. ಅದೂ ಅಲ್ಲದೆ ಇ-ಆಫೀಸಿನಲ್ಲಿ ಕಡತ ಸೃಷ್ಟಿಸುವಾಗ ವಿಷಯದ ಸಾಲನ್ನು ಸರಿಯಾಗಿ ಬರೆಯಬೇಕು. 'ಅರ್ಜಿಯ ಬಗ್ಗೆ' ಎಂದಷ್ಟೇ ಬರೆದ ಕಡತವನ್ನು ಮುಂದೆ ಯಾವ ಕಂಪ್ಯೂಟರ್ ಹುಡುಕಿಕೊಟ್ಟೀತು? ಕಲಿಯದ ಕೈಗೆ ಕಾಗದವೂ ಒಂದೇ, ಪರದೆಯೂ ಒಂದೇ. ನಮ್ಮ ಸೀಮೆಗೆ ಇದು ಹೊಸ ಚಿಂತೆಯೂ ಅಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕಚೇರಿಗಳ ದಕ್ಷತೆಯನ್ನು ತಪಾಸಣೆ ಮಾಡಿಸುವ ಏರ್ಪಾಡನ್ನೇ ತಂದಿದ್ದರು. ಅಂಥ ಸಂಸ್ಥಾನದ ಕಚೇರಿಗಳ ವಾರಸುದಾರರು ನಾವು ಎಂದು ನೆನೆದಾಗಲೆಲ್ಲ ನನಗೆ ಸಿಟ್ಟು ಇನ್ನೂ ಸ್ವಲ್ಪ ಹೆಚ್ಚಾಗುತ್ತದೆ.

ಇಷ್ಟು ಹೇಳಿದ ಮೇಲೆ, ಹೇಳದೆ ಬಿಡಬಹುದಿದ್ದ ಇನ್ನೊಂದು ಭಾಗವೂ ಇದೆ. ಕಡತ ಆಮೇಲೆ ಸಿಕ್ಕಿತು. ಹುಡುಕಿಕೊಟ್ಟವರು ಅದೇ ಕಚೇರಿಯ ಶಿರಸ್ತೇದಾರರು. ಅವರು ಸಾಗುವಳಿ ಚೀಟಿಯ ಸಂಖ್ಯೆಯನ್ನು ನೋಡಿ ಕಣ್ಣು ಮುಚ್ಚಿ ಒಂದು ಗಳಿಗೆ ಯೋಚಿಸಿ, ಕಟ್ಟಡ ಬದಲಾದಾಗ ಆ ಊರಿನ ದರಖಾಸ್ತು ಕಡತಗಳು ಪಕ್ಕದ ಹೋಬಳಿಯ ಗಂಟಿನೊಂದಿಗೆ ಹೋಗಿರಬೇಕೆಂದರು. ಅಜ್ಜಿಯ ಅಡುಗೆಮನೆಯಲ್ಲಿ ಯಾವ ಡಬ್ಬದಲ್ಲಿ ಏನಿದೆ ಎಂಬುದು ಅಜ್ಜಿಗೊಬ್ಬಳಿಗೇ ಗೊತ್ತಿರುವ ಹಾಗೆ ಇದು, ನೆಚ್ಚಿಕೊಳ್ಳಬಹುದಾದ ಪದ್ಧತಿಯಲ್ಲ. ಆದರೂ ಕೆಂಪು ಬಟ್ಟೆಯ ಗಂಟು ಬಿಚ್ಚಿದಾಗ ಕಡತ ಅಲ್ಲಿಯೇ ಇತ್ತು.

ಅದರ ಟಿಪ್ಪಣಿ ಹಾಳೆಗಳನ್ನು ಅವರ ಮೇಜಿನ ಪಕ್ಕದಲ್ಲಿ ಕೂತು ಓದಿದೆ. ಮಸಿ ಕಂದಿದೆ, ಅಕ್ಷರ ದುಂಡಗಿದೆ, ಕಂಡಿಕೆಗಳಿಗೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಾಲಿನ ಸಂಖ್ಯೆಗಳಿವೆ. ತಾತ ಭೂಮಿಯಿಲ್ಲದ ಕೂಲಿಕಾರನೆಂದು ಗ್ರಾಮ ಲೆಕ್ಕಿಗರು ಕೊಟ್ಟ ವರದಿ, ಶೇಕದಾರರು (ಕಂದಾಯ ನಿರೀಕ್ಷಕರು) ಸ್ಥಳಕ್ಕೆ ಹೋದಾಗ ಅಲ್ಲಿ ಕಂಡ ಹುಣಸೆ ಮರಗಳ ಲೆಕ್ಕ, ಅದೇ ಜಾಗಕ್ಕೆ ಅರ್ಜಿ ಹಾಕಿದ್ದ ಇನ್ನೊಬ್ಬರಿಗೆ ಏಕೆ ಕೊಡಬಾರದು ಎಂದು ತಹಶೀಲ್ದಾರರು ಅಂಚಿನಲ್ಲಿ ಹಾಕಿದ ಪ್ರಶ್ನೆ, ಅದಕ್ಕೆ 1969ರ ಭೂ ಮಂಜೂರಾತಿ ನಿಯಮಗಳನ್ನು ಎತ್ತಿ ಹೇಳಿ ಗುಮಾಸ್ತರು ಬರೆದ ಉತ್ತರ, ಕೊನೆಯಲ್ಲಿ ಆದೇಶ. ಯಾರು ಏನು ಯೋಚಿಸಿ, ಯಾವ ಕಾರಣಕ್ಕೆ ಹೀಗೆ ನಿರ್ಧರಿಸಿದರು ಎಂಬುದು ಐದು ದಶಕದ ನಂತರ ಓದಿದ ನನಗೂ ತಿಳಿಯಿತು. ನಮ್ಮ ಸ್ಟುಟ್‌ಗಾರ್ಟ್ ಕಂಪನಿಯ ಬಾಕ್ಸ್ ಫೈಲಿನಲ್ಲಿ ಇದು ಸಿಗುವುದಿಲ್ಲ; ಅಲ್ಲಿ ಬಂದ ಪತ್ರವಿದೆ, ಹೋದ ಪತ್ರವಿದೆ, ನಡುವೆ ನಮ್ಮವರು ಏನು ಯೋಚಿಸಿದರು ಎಂಬುದು ಯಾವುದೋ ಮೀಟಿಂಗಿನಲ್ಲಿ ಆಡಿ ಮರೆತ ಮಾತು. ಐದು ವರ್ಷದ ಹಿಂದೆ ಆ ಗ್ರಾಹಕರಿಗೆ ರಿಯಾಯಿತಿ ಏಕೆ ಕೊಟ್ಟೆವೆಂದು ಪತ್ರ ಸಿಕ್ಕ ಮೇಲೂ ನಮಗೆ ಯಾರಿಗೂ ಹೇಳಲಾಗಲಿಲ್ಲ. ಆ ಟಿಪ್ಪಣಿ ಬರೆದ ಗುಮಾಸ್ತರೂ ಯಾವ ಶಾಲೆಯಲ್ಲಿ ಕಲಿತವರಾಗಿರಲಾರರು. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ಬರೆಯಿಸಿ, ತಿದ್ದಿ, ಹರಿದು ಹಾಕಿ, ಮತ್ತೆ ಬರೆಯಿಸಿರಬೇಕು. ಆ ಬಗೆಯ ಕಲಿಕೆಯನ್ನು ನಾನು ಹೀಗಳೆದದ್ದು ಪೂರ್ತಿ ನ್ಯಾಯವಲ್ಲವೆಂದು ಒಪ್ಪಬೇಕಾಗುತ್ತದೆ.

ಒಪ್ಪುತ್ತೇನೆ, ಆದರೆ ಒಂದು ಷರಾದೊಂದಿಗೆ. ತಿದ್ದುವ ಹಿರಿಯರೂ ಬರೆಯುವ ಕಿರಿಯರೂ ವರ್ಷಗಟ್ಟಲೆ ಒಂದೇ ಶಾಖೆಯಲ್ಲಿ ಕೂತಿದ್ದಾಗ ಮಾತ್ರ ಅದು ನಡೆಯುತ್ತದೆ. ಆ ಶಿರಸ್ತೇದಾರರನ್ನು, ನಿಮ್ಮ ಕೈಕೆಳಗಿನ ಹುಡುಗನಿಗೆ ಇದನ್ನೆಲ್ಲ ತೋರಿಸುತ್ತೀರಾ ಎಂದು ಕೇಳಿದೆ. ತೋರಿಸಬೇಕು ಸ್ವಾಮಿ, ಆದರೆ ಅವನನ್ನು ಚುನಾವಣಾ ಶಾಖೆಗೆ ಹಾಕಿದ್ದಾರೆ, ಸೋಮವಾರದಿಂದ ಬರುವುದಿಲ್ಲ, ನನಗೂ ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ ಎಂದರು. ಬಿಚ್ಚಿದ ಗಂಟಿನ ಕಡತಗಳ ಪಟ್ಟಿ ಮಾಡಿಸುತ್ತೀರಾ ಎಂದೆ. ಪಟ್ಟಿ ಬರೆಯುವವರು ಯಾರಿದ್ದಾರೆ ಎಂದು ಹೇಳಿ, ನಮ್ಮ ಕಡತವನ್ನು ಮಾತ್ರ ಹೊರಗಿಟ್ಟು, ಮಿಕ್ಕವನ್ನು ಅದೇ ಹೋಬಳಿಯ ಗಂಟಿಗೆ ಕಟ್ಟಿಸಿದರು.